ಅಳೆಯುವವಳ ಷರಾ

ಮಾಚೇನಹಳ್ಳಿ. ಮೂರನೇ ಪಾಳಿ.
ಏಳನೇ ನಂಬರಿನ ಲೇತಿನಲ್ಲಿ
ಹಾಲೇಶಿ, ಹೊಸ ಹುಡುಗ,
ಒಂದೊಂದು ಬುಶ್ ಇಳಿದಾಗಲೂ ಓಡಿ ಬರುತ್ತಾನೆ:
ಎಷ್ಟು ಬಂತಕ್ಕ?

ಎರಡು ಹೆಚ್ಚು, ಅಂದೆ.
ಹೋಗಿ ಎರಡು ಇಳಿಸಿದ.
ಮುಂದಿನದು ಮೂರು ಕಮ್ಮಿ.
ಹೋಗಿ ಮೂರು ಏರಿಸಿದ.
ಅದರ ಮುಂದಿನದು ನಾಲ್ಕು ಹೆಚ್ಚು.
ಹುಡುಗನ ಹಣೆಯಲ್ಲಿ ಬೆವರು,
ನನ್ನ ಚಾರ್ಟಿನಲ್ಲಿ ಗರಗಸದ ಹಲ್ಲು.

ಮೈಕ್ರಾನ್ ಅಂದರೆ ಎಷ್ಟು ಮಹಾ!
ಜಡೆಯಿಂದ ಒಂದೇ ಕೂದಲು ಕಿತ್ತು
ಉದ್ದಕ್ಕೆ ಸೀಳಿ ಎಪ್ಪತ್ತು ಪಾಲು ಮಾಡಿದರೆ
ಅದರಲ್ಲೊಂದು ಎಳೆ.
ಅಷ್ಟಕ್ಕೇ ಇವನು ಮಿಷಿನ್ನಿನ ಕಿವಿ ಹಿಂಡುತ್ತಿದ್ದಾನೆ.
ಅವನ ತಪ್ಪಲ್ಲ.
ಹಗಲು ಪಾಳಿಯ ಸಾಹೇಬರಿಗೆ
ಪ್ರತಿ ಅಂಕಿಗೂ ಒಬ್ಬ ಅಪರಾಧಿ ಬೇಕು.

ಕೈ ತೆಗಿ, ಅಂದೆ.
ಎರಡು ಗಂಟೆ ಮುಟ್ಟಬೇಡ.
ಏನೇ ಬರಲಿ, ನಾನು ಬರ್ಕೋತೀನಿ, ನೀನು ಸುಮ್ನಿರು.
ಸುಮ್ಮನಿರುವುದನ್ನು ಐ.ಟಿ.ಐ.ಯಲ್ಲಿ ಕಲಿಸಿರಲಿಲ್ಲ.
ಎರಡೂ ಕೈ ಕಂಕುಳಿಗೆ ಸಿಕ್ಕಿಸಿ ನಿಂತ,
ಬಳೆ ಅಂಗಡಿಗೆ ಕರೆತಂದ ಪೋರನ ಹಾಗೆ.

ಒಂದು ಮೇಲೆ.
ಒಂದು ಕೆಳಗೆ. ಎರಡು ಮೇಲೆ.
ಸರಿಯಾಗಿ ನಡುವೆ. ಒಂದು ಕೆಳಗೆ.
ಮಲಗಿದವರ ಎದೆ ಏರಿ ಇಳಿದಂತೆ.

ನೋಡು, ಇದು ಲೇತಿನ ಸ್ವಂತ ಉಸಿರು.
ಉಸಿರಿಗೆ ಯಾರಾದರೂ ಕಾರಣ ಕೇಳುತ್ತಾರ?
ಬೇರಿಂಗಿನದೊಂದಿಷ್ಟು ಸವಕಲು, ಬೆಲ್ಟಿನದೊಂದಿಷ್ಟು ನಡುಕ,
ಉಕ್ಕು ಕಾಯಿಸಿದವನ ಆ ದಿನದ ಕೈಗುಣ,
ಎಲ್ಲ ಸೇರಿ ಇಷ್ಟಗಲ ಹಾಸಿಗೆ.
ಅದರೊಳಗೆ ಹೊರಳಿಕೊಳ್ಳಲಿ ಬಿಡು.
ಹಾಸಿಗೆಯೇ ಕಿರಿದಾಗಬೇಕು ಅಂದರೆ
ಬೇರಿಂಗ್ ಬದಲಿಸಬೇಕು, ಅದಕ್ಕೆ ಸಾಹೇಬರ ಸಹಿ ಬೇಕು.
ನಿನ್ನ ಬೆರಳಲ್ಲಿ ಅದಿಲ್ಲ ಮಾರಾಯ.

ತಾಳಗುಪ್ಪದ ರೈಲು ಹಾದುಹೋಯಿತು.
ನೆಲ ಅದುರಿತು, ಗೆರೆ ಅದುರಲಿಲ್ಲ.

ಆಮೇಲೆ ಒಂದು ಕೆಳಗೆ.
ಮತ್ತೊಂದು ಕೆಳಗೆ. ಮಗದೊಂದು.
ನಾಲ್ಕು, ಐದು, ಆರು,
ಏಳು.
ಏಳೂ ಒಂದೇ ಮಗ್ಗುಲಿಗೆ.
ಯಾವುದೂ ಮಿತಿ ದಾಟಿಲ್ಲ,
ಡ್ರಾಯಿಂಗಿನ ಪ್ರಕಾರ ಎಲ್ಲವೂ ಪಾಸು,
ಆದರೂ ಇದು ಉಸಿರಲ್ಲ.
ಯಾರೋ ಒಳಗೆ ಬಂದಿದ್ದಾರೆ.

ಟೂಲ್ ತಿರುವಿ ನೋಡಿದೆವು. ಕೂಲೆಂಟ್ ನೋಡಿದೆವು.
ಬಾರ್ ಅದೇ ಲಾಟಿನದು.
ಹೊಸಮನೆಯ ಅರುಮುಗಂ ಬಂದು
ಸ್ಕ್ರೂಡ್ರೈವರಿನ ಒಂದು ತುದಿ ಲೇತಿಗೆ, ಒಂದು ತುದಿ ಕಿವಿಗೆ,
ಕಣ್ಣು ಮುಚ್ಚಿ ಕೇಳಿದರು.
ಮಿಷಿನ್ನಿಗೇನೂ ಆಗಿಲ್ಲ.
ನಿನ್ ಕೈಯಲ್ಲಿರೋದನ್ನ ಕೊಡು ಇಲ್ಲಿ.

ಇಪ್ಪತ್ತೈದು ಮಿಲಿಮೀಟರಿನ ಮಾಸ್ಟರ್ ತುಂಡು,
ಎಣ್ಣೆ ಕಾಗದದಲ್ಲಿ ಸುತ್ತಿಟ್ಟದ್ದು.
ನನ್ನ ಮೈಕ್ರೋಮೀಟರು ಅದನ್ನೂ
ಮೂರು ಕಮ್ಮಿ ಅಂದಿತು.

ಅರುಮುಗಂ ನನ್ನ ಮುಂಗೈ ಮುಟ್ಟಿದರು:
ಸುಡ್ತಾ ಇದೆಯಲ್ಲಮ್ಮ.

ಸಂಜೆಯಿಂದ ಇತ್ತು. ಒಂದು ಮಾತ್ರೆ ನುಂಗಿ ಬಂದಿದ್ದೆ.
ಒಂದು ದಿನ ತಪ್ಪಿಸಿದರೆ
ಹಾಜರಾತಿ ಬೋನಸ್ಸು ಎಂಟುನೂರು ಹೋಗುತ್ತದೆ.
ಮಾತ್ರೆಯ ಬಲ ಮುಗಿದ ಹೊತ್ತಿಗೆ
ಜ್ವರ ಅಂಗೈಗೆ ಇಳಿದು,
ಅಂಗೈಯಿಂದ ಅಳತೆಯ ಬಿಲ್ಲಿಗೆ ಹತ್ತಿ,
ಬಿಲ್ಲು ಹಿಗ್ಗಿ, ಅಂಕಿ ಕುಗ್ಗಿ,
ಒಳ್ಳೆಯ ಬುಶ್ಶುಗಳ ಮೇಲೆ ಚಾಡಿ ಹೇಳಿತ್ತು.
ಹಾಲೇಶಿ ಮೊದಲಿನಂತೆ ತಿರುಪುತ್ತಲೇ ಇದ್ದಿದ್ದರೆ
ನನ್ನ ಜ್ವರ ಉಕ್ಕಿನೊಳಗೆ ಹೊಕ್ಕು
ಯಾವುದೋ ಟ್ರ್ಯಾಕ್ಟರಿನ ಹೊಟ್ಟೆ ಸೇರುತ್ತಿತ್ತು.
ಅವನು ಕೈ ಕಟ್ಟಿ ನಿಂತಿದ್ದಕ್ಕೆ
ಹಾಳೆಯ ಮೇಲೆ ಕಂಡಿತು.

ಷರಾ ಅಂಕಣ ಒಂದಂಗುಲ ಅಗಲ.
ಹಿಂದಿನ ಪುಟಗಳಲ್ಲಿ ನನ್ನದೇ ಅಕ್ಷರ:
ಆಪರೇಟರ್ ನಿರ್ಲಕ್ಷ್ಯ. ಆಪರೇಟರ್ ನಿರ್ಲಕ್ಷ್ಯ.
ಟೂಲ್ ಸವೆತ. ಆಪರೇಟರ್ ನಿರ್ಲಕ್ಷ್ಯ.
ಎಷ್ಟು ಜ್ವರಗಳೋ ಅದರಡಿ, ಯಾರ್ಯಾರವೋ.

ಬರೆದೆ: ಅಳೆಯುವವಳಿಗೆ ಜ್ವರ.

ಹಾಲೇಶಿ ಇಣುಕಿ ಓದಿದ:
ಇದಕ್ಕೆ ಯಾರ ಸಹಿ ಬೇಕಕ್ಕ?

ಅರುಮುಗಂ ಮೈಕ್ರೋಮೀಟರನ್ನು ಒರೆಸಿ
ಕರಿಕಲ್ಲಿನ ಮೇಜಿನ ಮೇಲಿಟ್ಟರು, ತಣಿಯಲಿ ಅಂತ.
ಅದರ ಪಕ್ಕ ನಾನೂ ಅಂಗೈ ಊರಿದೆ.